ಕತ್ತರಿ ಹಾಕಿದರೆ ಕಿಡಿ!

ಪ್ರಶ್ನೆ: ಮಗನ ರಿಮೋಟ್ ಕಾರಿಗೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ 3ಎಸ್ ಲಿಪೋ (ಮೂರು ಸೆಲ್ಲಿನ ಲಿಥಿಯಂ ಪಾಲಿಮರ್) ಬ್ಯಾಟರಿ ತಂದೆ. ಅದರಲ್ಲಿರುವ ಕನೆಕ್ಟರ್ ಟಿ-ಪ್ಲಗ್, ಕಾರಿನಲ್ಲಿ ಎಕ್ಸ್‌ಟಿ60. ಬದಲಿಸೋಣ ಅಂತ ಬ್ಯಾಟರಿಯ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಿದೆ, ಫಟ್ ಅಂತ ಕಿಡಿ ಹಾರಿ ಕತ್ತರಿಯ ಬಾಯಿ ಸುಟ್ಟೇ ಹೋಯಿತು. ತಪ್ಪಿದ್ದೆಲ್ಲಿ?
– ಒಬ್ಬ ಓದುಗರು, ಡೊಂಬಿವ್ಲಿ

ಉತ್ತರ: ಕತ್ತರಿಯೂ ಲೋಹವೇ ಅಲ್ವಾ? ಅದು ಎರಡೂ ವೈರನ್ನು ಸೇರಿಸಿ ಶಾರ್ಟ್ ಮಾಡಿತು. ಕೈ ಸುಡಲಿಲ್ಲವಲ್ಲ, ಪುಣ್ಯ. ಬ್ಯಾಟರಿ ಉಬ್ಬಿದ್ದರೆ ಅದರ ಆಸೆ ಬಿಡಿ. ಸರಿಯಿದ್ದರೆ ಮೊದಲು ಎರಡೂ ತುದಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಆಮೇಲೆ ಒಂದೊಂದೇ ವೈರ್ ಬಿಚ್ಚಿ ಕೆಲಸ ಮಾಡಿ. ಒಂದು ಪೂರ್ತಿ ಮುಗಿದು ಮುಚ್ಚುವ ತನಕ ಇನ್ನೊಂದನ್ನು ಮುಟ್ಟಲೇಬೇಡಿ.

ಬ್ಯಾಟರಿ ಕಡೆಗೆ ಯಾವಾಗಲೂ ಹೆಣ್ಣು ಕನೆಕ್ಟರ್, ಅಂದರೆ ಪಿನ್ ತೂರುವ ತೂತಿರುವುದು. ಮೂಲೆ ಕತ್ತರಿಸಿದಂತಿರುವ ಕಡೆ ಮೈನಸ್, ಚಪ್ಪಟೆ ಕಡೆ ಪ್ಲಸ್. ಮೈಮೇಲೆ ಗುರುತೂ ಇರುತ್ತದೆ. ಬೆಸುಗೆ ಹಾಕುವಾಗ ಇನ್ನೊಂದು ಖಾಲಿ ಎಕ್ಸ್‌ಟಿ60 ಸಿಕ್ಕಿಸಿಡಿ, ಇಲ್ಲದಿದ್ದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಸೊಟ್ಟಗಾಗುತ್ತದೆ. 25 ವಾಟಿನ ಬೆಸುಗೆ ಐರನ್ ಸಾಲದು, 60 ವಾಟಿನದು ಇರಲಿ. ಹೀಟ್‌ಶ್ರಿಂಕ್ ಟ್ಯೂಬನ್ನು (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಕೊಳವೆ) ಮೊದಲೇ ವೈರಿಗೆ ತೂರಿಸಿಡಿ. ನಾನಂತೂ ಇದನ್ನು ಮರೆತು ಎಷ್ಟು ಸಲ ಬೆಸುಗೆ ಬಿಚ್ಚಿದ್ದೇನೋ!