ಡ್ರಿಲ್ ಟೀಮ್ ಅಂದ್ರೆ ಚಿಯರ್‌ಲೀಡಿಂಗ್ ಅಲ್ಲ

ಮಗಳು ಟೆಕ್ಸಾಸಿನಲ್ಲಿ ಹೈಸ್ಕೂಲ್ ಸೇರಿದ್ದಾಳೆ, ಡ್ರಿಲ್ ಟೀಮ್ ಬೇಕಂತಾಳೆ, ಅದೂ ಚಿಯರ್‌ಲೀಡಿಂಗೂ ಒಂದೇನಾ, ಓದು ಹಾಳಾಗಲ್ವಾ ಅಂತ ಕೇಳಿದ್ದೀರಿ. ಎರಡೂ ಬೇರೆ ಸಾರ್. ಚಿಯರ್‌ಲೀಡರ್‌ಗಳು ಅಮೆರಿಕನ್ ಫುಟ್‌ಬಾಲ್ ಆಟ ಮುಗಿಯುವ ತನಕ ಮೈದಾನದ ಅಂಚಿನಲ್ಲಿ ನಿಂತು ಜನರಿಂದ ಕೂಗಿಸುತ್ತಾರೆ, ಒಬ್ಬರನ್ನೊಬ್ಬರು ಮೇಲಕ್ಕೆ ಎತ್ತುತ್ತಾರೆ (ಬಿದ್ದು ಪೆಟ್ಟಾಗುವ ಭಯ ಜಾಸ್ತಿ ಇರೋದು ಅಲ್ಲೇ). ಡ್ರಿಲ್ ಟೀಮಿನದು ಹಾಫ್‌ಟೈಮಿನಲ್ಲಿ, ಅಂದ್ರೆ ಆಟದ ನಡುವಿನ ಬಿಡುವಿನಲ್ಲಿ, ಮೈದಾನದ ಮಧ್ಯೆ ಸಾಲಾಗಿ ಕುಣಿತ, ಜೊತೆಗೆ ಕಾಲನ್ನು ಎತ್ತರಕ್ಕೆ ಎಸೆಯುವ ಆ ಹೈ ಕಿಕ್. ಟೆಕ್ಸಾಸಿಗೆ ಇದರ ಹುಚ್ಚು ಹಳೆಯದು. ಕಿಲ್ಗೋರ್ ಕಾಲೇಜಿನ ರೇಂಜರೆಟ್ಸ್ ತಂಡ 1940ರಿಂದಲೇ ಕುಣಿಯುತ್ತಿದೆ.

ಓದಿನ ಚಿಂತೆ ಬಿಡಿ, ಅದನ್ನು ರಾಜ್ಯದ ಕಾನೂನೇ ನೋಡಿಕೊಳ್ಳುತ್ತೆ. ಗ್ರೇಡಿಂಗ್ (ಅಂಕ ಕೊಡುವ) ಅವಧಿಯ ಕೊನೆಗೆ ಒಂದು ವಿಷಯದಲ್ಲಿ 100ಕ್ಕೆ 70ಕ್ಕಿಂತ ಕಡಿಮೆ ಬಂದರೂ ಸಾಮಾನ್ಯವಾಗಿ ಮೂರು ವಾರ ಪ್ರದರ್ಶನ ಇಲ್ಲ. ಪಿಇ (ದೈಹಿಕ ಶಿಕ್ಷಣ) ಕ್ರೆಡಿಟ್ ಬದಲಿಗೆ ಡ್ರಿಲ್ ಟೀಮನ್ನೇ ಲೆಕ್ಕಕ್ಕೆ ತಗೊಳ್ಳಬಹುದು, ಶಾಲೆಯ ಕೌನ್ಸೆಲರ್ ಹತ್ತಿರ ಕೇಳಿ.

ನಮ್ಮ ಮಗಳು ಡ್ರಿಲ್ ಟೀಮಲ್ಲಲ್ಲ, ಶಾಲೆಯ ಬ್ಯಾಂಡಿನ ಜೊತೆ ಬಾವುಟ ತಿರುಗಿಸುವ ಕಲರ್ ಗಾರ್ಡ್‌ನಲ್ಲಿದ್ದಳು. ಆಗಸ್ಟ್ ಬಿಸಿಲಲ್ಲಿ ಪಾರ್ಕಿಂಗ್ ಲಾಟಿನ ಡಾಂಬರಿನ ಮೇಲೆ ಅಭ್ಯಾಸ, ಕೋಲು ತಾಗಿ ತಾಗಿ ಬೆರಳ ಗೆಣ್ಣೆಲ್ಲ ನೀಲಿ. ಶುಕ್ರವಾರ ರಾತ್ರಿ ಮ್ಯಾಚ್ ಮುಗಿಸಿ ಹನ್ನೊಂದೂವರೆಗೆ ಬಂದು, ಮೇಕಪ್ಪೂ ತೆಗೆಯದೆ ಅಡುಗೆಮನೆ ನೆಲದ ಮೇಲೆ ಕೂತು ಮೊಸರನ್ನ ತಿನ್ನೋಳು. ಖರ್ಚು ಮಾತ್ರ ಮೊದಲೇ ಬರೆದು ಕೊಡಿ ಅಂತ ಕೇಳಿ. ಡ್ರೆಸ್ಸು, ಬೂಟು, ಕ್ಯಾಂಪು ಅಂತ ನಮಗೆ ಕಂತು ಕಂತಾಗಿ ಹೇಳಿದರು, ಸುಮ್ನೆ ತಲೆನೋವು.