ಬಿಡುವಿನ ಪ್ರಶ್ನೆಗಳು: ಕ್ರೋಶಾ ತ್ರಿಕೋನ, ಅಜ್ಜನ ಸ್ಟಾಂಪು ಡಬ್ಬಿ, ಕಾಣೆಯಾದ ಒಂದು ತುಂಡು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಕೂತು ಮಾಡುವ ಹವ್ಯಾಸಗಳದ್ದು. ಕೆಲವಕ್ಕೆ ಉದ್ದ ಉತ್ತರ ಬೇಕಿತ್ತು, ಕೆಲವಕ್ಕೆ ಎರಡು ಮಾತು ಸಾಕಿತ್ತು. ಹಾಗೇ ಬರೆದಿದ್ದೇನೆ.

ಪ್ರಶ್ನೆ: ವಿಡಿಯೊ ನೋಡಿಕೊಂಡು ಕ್ರೋಶಾ ಕಲಿಯುತ್ತಿದ್ದೇನೆ. ಚೌಕದ ಟೇಬಲ್ ಮ್ಯಾಟ್ ಹಾಕೋಣ ಅಂತ ಶುರು ಮಾಡಿದರೆ, ಮೇಲೆ ಹೋದ ಹಾಗೆ ಕಿರಿದಾಗುತ್ತಾ ತ್ರಿಕೋನ ಆಗಿಬಿಡುತ್ತದೆ. ಮನೆಯವರು "ಯಾರಿಗೆ ಟೋಪಿ ಹಾಕೋಕೆ ಇದು?" ಅಂತ ನಗುತ್ತಾರೆ. ಎಲ್ಲಿ ತಪ್ಪುತ್ತಿದೆ?

ನಗಲಿ ಬಿಡಿ. ಕ್ರೋಶಾ ಕಲಿಯುವವರು ಎಷ್ಟೋ ಜನ ಮೊದಲು ಹಾಕುವುದು ತ್ರಿಕೋನವನ್ನೇ. ಸಾಲು ಮುಗಿಸಿ ತಿರುಗಿಸುವ ಜಾಗದಲ್ಲಿ ಒಂದು ಹೊಲಿಗೆ ತಪ್ಪಿಹೋಗುತ್ತಿದೆ, ಅಷ್ಟೇ. ಉದ್ದನೆಯ ಕಂಬದಂಥ ಹೊಲಿಗೆ ಹಾಕುವಾಗ ಸಾಲಿನ ಶುರುವಿಗೆ 3 ಚೈನು, ಅಂದರೆ ಸರಪಳಿಯಂತೆ ಒಂದರೊಳಗೊಂದು ಕುಣಿಕೆ, ಹಾಕುತ್ತೀರಿ, ಅಲ್ವಾ? ಸಾಮಾನ್ಯವಾಗಿ ಆ 3 ಚೈನೇ ಆ ಸಾಲಿನ ಮೊದಲ ಹೊಲಿಗೆ ಅಂತ ಲೆಕ್ಕ. ಹಾಗಾಗಿ ಮುಂದಿನ ಸಾಲಿನಲ್ಲಿ ವಾಪಸ್ ಬಂದಾಗ ಕೊನೆಯ ಹೊಲಿಗೆಯನ್ನು ಆ ಚೈನಿನ ತುದಿಗೇ ಹಾಕಬೇಕು. ತೊಂದರೆ ಏನೆಂದರೆ, ಅದು ಬೇರೆ ಹೊಲಿಗೆಗಳ ಹಾಗೆ ನೆಟ್ಟಗೆ ನಿಂತಿರುವುದಿಲ್ಲ, ಸಣ್ಣಗೆ ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ, ಸಾಲು ಮುಗಿಯಿತು ಅಂದುಕೊಂಡು ತಿರುಗಿಸಿಬಿಡುತ್ತೇವೆ. ಸಾಲಿಗೊಂದು ಹೊಲಿಗೆ ಹೋದರೆ ಚೌಕ ಎಲ್ಲಿ ಉಳಿಯುತ್ತದೆ!

3 ಚೈನು ಹಾಕಿದ ಕೂಡಲೇ ಮೂರನೆಯ ಚೈನಿಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿ. ವಾಪಸ್ ಬಂದಾಗ ಪಿನ್ ಇರುವಲ್ಲೇ ಕಡ್ಡಿ ತೂರಿಸಿ. 20 ಹೊಲಿಗೆಯಿಂದ ಶುರು ಮಾಡಿದ್ದರೆ ಪ್ರತಿ ಸಾಲಿನ ಕೊನೆಗೂ 20 ಇರಬೇಕು. ಎಣಿಸುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಹತ್ತು ಸಾಲು ಬಿಚ್ಚುವುದು ಅದಕ್ಕಿಂತ ಬೇಜಾರು. ಇನ್ನು, ಕಲಿಯುವಾಗ ಕಪ್ಪು, ಕಡು ನೀಲಿ ದಾರ ತೆಗೆದುಕೊಳ್ಳಬೇಡಿ, ಹೊಲಿಗೆ ಕಾಣುವುದಿಲ್ಲ. ತಿಳಿ ಬಣ್ಣದ, ಸ್ವಲ್ಪ ದಪ್ಪ ದಾರ, 5 ಮಿಲಿಮೀಟರಿನ ಕಡ್ಡಿ ಒಳ್ಳೆಯದು. ನೀವು ನೋಡುವ ವಿಡಿಯೊ ಅಮೆರಿಕದ್ದೋ ಬ್ರಿಟನ್ನಿನದ್ದೋ ಅದನ್ನೂ ನೋಡಿಕೊಳ್ಳಿ. ಅಮೆರಿಕದವರು ಡಬಲ್ ಅನ್ನುವ ಹೊಲಿಗೆಗೆ ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಮ್ಯಾಟ್ ಅಳತೆಯೇ ಬೇರೆ ಆಗುತ್ತದೆ.

ಪ್ರಶ್ನೆ: ನಾನು ಹಾಕಿದ ಕ್ರೋಶಾ ಚೀಲ ನೋಡಿದವರೆಲ್ಲ "ಸುಮ್ನೆ ಯಾಕೆ ಕೂತಿದ್ದೀರಿ, ಆನ್‌ಲೈನಲ್ಲಿ ಮಾರಿ" ಅನ್ನುತ್ತಾರೆ. ಮಾರಲೇ?

ನಿಮಗೆ ದುಡ್ಡು ಬೇಕಿದ್ದರೆ ಖಂಡಿತ ಮಾರಿ, ಅದರಲ್ಲಿ ಕೀಳು ಏನೂ ಇಲ್ಲ. ಬೇಡದಿದ್ದರೆ ಬೇಡ. ಮಾರಲು ಶುರು ಮಾಡಿದ ದಿನದಿಂದ ಬಣ್ಣ ಆರಿಸುವವರು ಗಿರಾಕಿ, ಯಾವತ್ತಿಗೆ ಮುಗಿಯಬೇಕು ಅಂತ ಹೇಳುವವರೂ ಗಿರಾಕಿ. ಜೊತೆಗೆ ಫೋಟೊ, ಪಾರ್ಸೆಲ್ಲು, "ಇದೇ ಬಣ್ಣದ್ದು ಇನ್ನೊಂದು ಕೊಡಿ, ಸ್ವಲ್ಪ ಕಡಿಮೆ ಮಾಡಿ". ದಾರದ ಬೆಲೆಯ ಮೇಲೆ ನಿಮ್ಮ ಅಷ್ಟೂ ಗಂಟೆಗಳಿಗೆ ಕೂಲಿ ಹಾಕಿ ಒಂದು ಚೀಲದ ಬೆಲೆ ಬರೆದು ನೋಡಿ. ಆ ಬೆಲೆ ಹೇಳಿದಾಗ "ಮಾರಿ ಮಾರಿ" ಅಂದವರೇ ಮೊದಲು ಜಾಗ ಖಾಲಿ ಮಾಡುತ್ತಾರೆ. ಇಷ್ಟವಾದವರಿಗೆ ಒಂದೊಂದು ಕೊಟ್ಟುಬಿಡಿ, ಇನ್ನುಳಿದದ್ದು ನಿಮಗೇ ಇರಲಿ.

ಪ್ರಶ್ನೆ: ಅಟ್ಟ ಖಾಲಿ ಮಾಡುವಾಗ ಅಜ್ಜನ ತಗಡಿನ ಡಬ್ಬಿಯೊಂದು ಸಿಕ್ಕಿತು. ತುಂಬ ಹಳೆಯ ಸ್ಟಾಂಪುಗಳು, ಕೆಲವು ಕವರಿನ ಚೂರಿಗೆ ಅಂಟಿಕೊಂಡೇ ಇವೆ. ಹೇಗೆ ಬಿಡಿಸುವುದು? ಇದರಲ್ಲಿ ಲಕ್ಷಗಟ್ಟಲೆ ಬಾಳುವುದು ಏನಾದರೂ ಇರಬಹುದಾ?

ಮೊದಲು ಎರಡನೆಯದಕ್ಕೆ ಉತ್ತರ: ಇರುವ ಸಾಧ್ಯತೆ ಬಹಳ ಕಡಿಮೆ. ಹಳೆಯದಾದ ಮಾತ್ರಕ್ಕೆ ಸ್ಟಾಂಪಿಗೆ ಬೆಲೆ ಬರುವುದಿಲ್ಲ. 1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಂದ ಪೆನ್ನಿ ಬ್ಲ್ಯಾಕ್ ಪ್ರಪಂಚದ ಮೊದಲ ಅಂಟಿಸುವ ಸ್ಟಾಂಪು. ಅದನ್ನು 6 ಕೋಟಿ 80 ಲಕ್ಷಕ್ಕೂ ಜಾಸ್ತಿ ಅಚ್ಚು ಹಾಕಿದ್ದರು. ಹಾಗಾಗಿ ಎಲ್ಲಕ್ಕಿಂತ ಹಳೆಯದಾದರೂ ಎಲ್ಲಕ್ಕಿಂತ ಅಪರೂಪದ್ದಲ್ಲ. ಅದೇ 1856ರ ಬ್ರಿಟಿಷ್ ಗಯಾನಾದ 1 ಸೆಂಟಿನ ಕೆನ್ನೇರಳೆ ಸ್ಟಾಂಪು ಈಗ ಗೊತ್ತಿರುವುದು ಒಂದೇ ಒಂದು, ಅದೂ ನಾಲ್ಕು ಮೂಲೆ ಕತ್ತರಿಸಿದ, ನೋಡಲು ಅಂಥ ಚೆಂದವೇನೂ ಇಲ್ಲದ ಚೂರು. ಅದು ಹರಾಜಿಗೆ ಬಂದಾಗಲೆಲ್ಲ ಸುದ್ದಿಯಾಗುತ್ತದೆ. ನಿಮ್ಮ ಡಬ್ಬಿಯಲ್ಲಿ ಅದರ ಜೋಡಿ ಸಿಕ್ಕಿದರೆ ದಯವಿಟ್ಟು ನಮಗೂ ಬರೆಯಿರಿ.

ಈಗ ಬಿಡಿಸುವ ಕೆಲಸ. ಸ್ಟಾಂಪಿನ ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ. ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ಬಿಡಿ. ಅಂಟು ನೆನೆದ ಮೇಲೆ ಸ್ಟಾಂಪು ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯಿರಿ, ಎಳೆಯಬೇಡಿ, ಎಳೆದರೆ ಹಿಂದಿನ ಕಾಗದ ತೆಳುವಾಗಿ ಕಿತ್ತುಬರುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಹಿಂದೆ ಉಳಿದ ಅಂಟನ್ನು ಬೆರಳಿನಿಂದ ಮೆಲ್ಲಗೆ ಸವರಿ ತೆಗೆದು, ಬಿಳಿ ಕಾಗದದ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ, ಆಮೇಲೆ ದಪ್ಪ ಪುಸ್ತಕದ ನಡುವೆ ಇಡಿ. ಕೆಂಪು, ಕೇಸರಿ ಕವರಿನ ಚೂರುಗಳನ್ನು ಬೇರೆ ತಟ್ಟೆಯಲ್ಲೇ ನೆನೆಸಿ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲಕ್ಕೂ ಹತ್ತುತ್ತದೆ.

ಮೂರು ಥರದ್ದನ್ನು ಮಾತ್ರ ನೀರಿಗೆ ಹಾಕಲೇಬೇಡಿ. ಬಳಸದೆ ಉಳಿದ ಸ್ಟಾಂಪು, ಯಾಕೆಂದರೆ ಹಿಂದಿನ ಅಂಟು ಇದ್ದರೇ ಅದಕ್ಕೆ ಬೆಲೆ. ಈಚಿನ ಸ್ಟಿಕ್ಕರಿನಂಥವು, ಎಷ್ಟೋ ಸಲ ಅವು ನೀರಿಗೆ ಬಿಡುವುದೇ ಇಲ್ಲ. ಮತ್ತೆ ವಿಳಾಸ, ಮುದ್ರೆ ಎಲ್ಲ ಸ್ಪಷ್ಟವಾಗಿರುವ ಇಡೀ ಹಳೆಯ ಕವರು. ಅದನ್ನು ಕತ್ತರಿಸಬಾರದು, ಎಷ್ಟೋ ಸಲ ಕವರು ಇಡಿಯಾಗಿದ್ದರೇ ಬೆಲೆ. ಅಂದಹಾಗೆ, ಅಜ್ಜ ಯಾರ ಕವರಿನಿಂದ ಯಾವುದನ್ನು ಕಿತ್ತಿಟ್ಟರು ಅಂತ ಹೇಳುವವರು ಮನೆಯಲ್ಲಿ ಇನ್ನೂ ಇದ್ದರೆ, ನೀರು ಕಾಯಿಸುವ ಮೊದಲು ಅವರ ಹತ್ತಿರ ಕೂತು ಕೇಳಿ.

ಪ್ರಶ್ನೆ: ಕುಂಡದ ಗಿಡಕ್ಕೆ ದಿನಾ ತಪ್ಪದೆ ನೀರು ಹಾಕುತ್ತೇನೆ. ಆದರೂ ಎಲೆ ಹಳದಿಯಾಗಿ ಉದುರುತ್ತಿದೆ.

ಆದರೂ ಅಲ್ಲ, ಅದಕ್ಕೇ ಇರಬೇಕು. ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಮಣ್ಣು ಸದಾ ಒದ್ದೆಯಿದ್ದರೆ ಗಾಳಿ ಇರುವ ಸಂದೆಲ್ಲ ನೀರು ತುಂಬಿಕೊಂಡು ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಗಿಡ ಬಾಡುತ್ತದೆ, ಬಾಡಿದೆ ಅಂತ ನೀವು ಮತ್ತೆ ನೀರು ಹಾಕುತ್ತೀರಿ! ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ. ಒಳಗೆ ತಣ್ಣಗೆ ಒದ್ದೆ ಇದ್ದರೆ ಇವತ್ತು ರಜೆ. ಕುಂಡದ ತಳದಲ್ಲಿ ತೂತು ಇದೆಯಾ, ಅದು ಮುಚ್ಚಿಹೋಗಿದೆಯಾ ಅಂತಲೂ ನೋಡಿ.

ಪ್ರಶ್ನೆ: ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಕೆಲಸ ಬಿಟ್ಟು ಕಿಟಕಿಗೆ ಓಡುತ್ತೇನೆ. ಜೋರು ಮಳೆಯಲ್ಲಿ ಆ ವಾಸನೆ ಯಾಕೆ ಬರುವುದಿಲ್ಲ?

ಒಳ್ಳೆಯ ಪ್ರಶ್ನೆ, ಒಳ್ಳೆಯ ಚಟ ಕೂಡ. ಒಣಗಿದ ಮಣ್ಣು, ಕಲ್ಲುಗಳ ಮೇಲೆ ಗಿಡಗಳ ಎಣ್ಣೆಯಂಶ ಕೂತಿರುತ್ತದೆ, ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳು ಮಾಡುವ ಜಿಯೊಸ್ಮಿನ್ ಅನ್ನುವ ವಸ್ತು ಇರುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಈ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟು ಬರೆದರು. ಅದು ಮೂಗಿನವರೆಗೆ ಹೇಗೆ ಬರುತ್ತದೆ ಅನ್ನುವುದನ್ನು 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದರು. ಹನಿ ಬಿದ್ದ ಕೂಡಲೇ ಮಣ್ಣಿನ ರಂಧ್ರದ ಗಾಳಿ ಹನಿಯೊಳಗೆ ಸಣ್ಣ ಗುಳ್ಳೆಯಾಗಿ ಮೇಲೇರಿ ಒಡೆಯುತ್ತದೆ, ಸೋಡಾ ಗ್ಲಾಸಿನ ಮೇಲೆ ತುಂತುರು ಚಿಮ್ಮುವ ಹಾಗೆ. ಆ ತುಂತುರಿನ ಜೊತೆ ವಾಸನೆ ಗಾಳಿಗೆ ಸೇರುತ್ತದೆ. ಹನಿ ಜೋರಾಗಿ ಅಪ್ಪಳಿಸಿದರೆ ಗುಳ್ಳೆ ಆಗುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಆದ್ದರಿಂದ ತುಂತುರು ಶುರುವಾದಾಗಲೇ ಓಡಿ, ಒಲೆ ಆರಿಸಿಯೇ ಓಡಿ.

ಪ್ರಶ್ನೆ: ಸುಡೊಕು ಬಿಡಿಸುವಾಗ ಊಹೆ ಮಾಡಿ ಅಂಕಿ ತುಂಬಿದರೆ ಅದು ಮೋಸವಾ?

ಮೋಸ ಮಾಡುವುದಾದರೂ ಯಾರಿಗೆ? ಪೆನ್ಸಿಲಿನಲ್ಲಿ ಬರೆಯಿರಿ ಸಾಕು. ಆದರೆ ಸರಿಯಾದ ಸುಡೊಕುವಿಗೆ ಒಂದೇ ಉತ್ತರ ಇರಬೇಕು, ಅದಕ್ಕೆ 81 ಮನೆಗಳಲ್ಲಿ ಕನಿಷ್ಠ 17 ಅಂಕಿಯಾದರೂ ಮೊದಲೇ ಕೊಟ್ಟಿರಬೇಕು. 2012ರಲ್ಲಿ ಡಬ್ಲಿನ್ನಿನ ಗಣಿತಜ್ಞರು ಕಂಪ್ಯೂಟರಿನಿಂದ ಇದನ್ನು ಖಚಿತ ಮಾಡಿದರು. ನಿಮ್ಮದರಲ್ಲಿ 16 ಇದ್ದರೆ ಪುಸ್ತಕದ್ದೇ ತಪ್ಪು.

ಪ್ರಶ್ನೆ: ಎಲ್ಲರಿಗೂ ಏನಾದರೊಂದು ಹವ್ಯಾಸ ಇದೆ. ನನಗೆ ಸಂಜೆ ಬಾಲ್ಕನಿಯಲ್ಲಿ ಕೂತು ಹೋಗಿಬರುವವರನ್ನು ನೋಡುವುದು ಬಿಟ್ಟರೆ ಏನೂ ಇಲ್ಲ.

ಅದೇ ಆಯ್ತಲ್ಲ. ಯಾರಾದರೂ ಕೇಳಿದರೆ ನಾಚಿಕೆ ಇಲ್ಲದೆ ಅದನ್ನೇ ಹೇಳಿ. ಫೋನು ಮಾತ್ರ ಒಳಗಿಟ್ಟು ಬನ್ನಿ.

ಪ್ರಶ್ನೆ: ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಇಂಕ್ ಪೆನ್ನು ಬರೆಯುತ್ತಿಲ್ಲ. ಬಿಸಿನೀರಿಗೆ ಹಾಕಲೇ?

ಬೇಡ, ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾಗುತ್ತವೆ. ಸ್ಪಿರಿಟ್ಟೂ ಬೇಡ. ನಿಬ್ಬು ಇರುವ ಭಾಗ ಬಿಚ್ಚಿ ತಣ್ಣೀರಿನ ಲೋಟದಲ್ಲಿ ಒಂದು ರಾತ್ರಿ ಇಡಿ. ಒಣಗಿದ ಇಂಕು ಎಳೆ ಎಳೆಯಾಗಿ ಇಳಿಯುತ್ತದೆ, ಅದನ್ನು ನೋಡುತ್ತಾ ಕೂರುವುದೇ ಒಂದು ಖುಷಿ. ನೀರು ತಿಳಿಯಾಗುವವರೆಗೆ ಬದಲಿಸಿ, ಚೆನ್ನಾಗಿ ಆರಿಸಿ, ಆಮೇಲೆ ಇಂಕ್ ಪೆನ್ನಿನ ಇಂಕನ್ನೇ ಹಾಕಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಬೇಡ, ಅದರಲ್ಲಿ ಅರಗು ಇರುತ್ತದೆ, ಒಳಗೆ ಗಟ್ಟಿಯಾದರೆ ಪೆನ್ನು ಹೋದಂತೆಯೇ.

ಪ್ರಶ್ನೆ: ನಮ್ಮ ಯಜಮಾನರು 1000 ತುಂಡಿನ ಜಿಗ್‌ಸಾ ಪಜಲ್ ತಂದು ಊಟದ ಟೇಬಲ್ ಪೂರ್ತಿ ಹಿಡಿದಿದ್ದರು. ನಾವೆಲ್ಲ ತಟ್ಟೆ ಕೈಯಲ್ಲಿ ಹಿಡಿದು ತಿಂದೆವು. ಈಗ 999 ಸೇರಿದೆ, ಒಂದು ಕಾಣೆ. ಬಿಚ್ಚಲು ಒಪ್ಪುತ್ತಿಲ್ಲ!

ಒಪ್ಪುವುದು ಕಷ್ಟ, ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. ಮೊದಲು ಡಬ್ಬಿಯ ತಳದ ಮಡಿಕೆಗಳು, ಸೋಫಾ ಸಂದು, ಕಸ ಗುಡಿಸಿದ ಮೊರ, ಅವರ ಅಂಗಿ ತೋಳಿನ ಮಡಿಕೆ ನೋಡಿ. ಸಿಗದಿದ್ದರೆ ಮಾಡಿಕೊಳ್ಳಿ. ಖಾಲಿ ಜಾಗದ ಮೇಲೆ ತೆಳು ಕಾಗದ ಇಟ್ಟು ಅಂಚು ಗುರುತಿಸಿ, ಅದೇ ಆಕಾರಕ್ಕೆ ರಟ್ಟು ಕತ್ತರಿಸಿ, ತುಂಡಿನಷ್ಟೇ ದಪ್ಪ ಬರುವವರೆಗೆ ಒಂದರ ಮೇಲೊಂದು ಅಂಟಿಸಿ, ಡಬ್ಬಿಯ ಮೇಲಿನ ಚಿತ್ರ ನೋಡಿ ಬಣ್ಣ ಬಳಿಯಿರಿ. ಬಣ್ಣ ಬಳಿಯುವ ಕೆಲಸ ನೀವು ತೆಗೆದುಕೊಳ್ಳಿ. ಮುಂದಿನ ಪಜಲ್ ತರುವಾಗ ಜೊತೆಗೆ ಒಂದು ಪ್ಲೈವುಡ್ ಹಲಗೆಯೂ ಬರಬೇಕು ಅಂತ ಅವರ ಹತ್ತಿರ ಈಗಲೇ ಒಪ್ಪಿಸಿಕೊಳ್ಳಿ. ಹಲಗೆಯ ಮೇಲೆ ಜೋಡಿಸಿದರೆ ಊಟದ ಹೊತ್ತಿಗೆ ಮಂಚದ ಕೆಳಗೆ ತಳ್ಳಬಹುದು.