ರಿಪೋರ್ಟ್‌ಗಳೆಲ್ಲ ನಾರ್ಮಲ್ ಬಂದಾಗ ಕೊಡುವ ಹೆಸರೇ ಫೈಬ್ರೊಮಯಾಲ್ಜಿಯಾ?

ನಿಮ್ಮ ಅಕ್ಕನಿಗೆ ಎರಡು ವರ್ಷಗಳಿಂದ ಮೈಯೆಲ್ಲ ನೋವು, ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ, ಕೊನೆಗೆ ಒಬ್ಬ ವೈದ್ಯರು ಫೈಬ್ರೊಮಯಾಲ್ಜಿಯಾ ಎಂದಿದ್ದಾರೆ. ಇದು ನಿಜವಾದ ಕಾಯಿಲೆಯೋ, ಕಾರಣ ತಿಳಿಯದಾಗ ಕಟ್ಟುವ ಹಣೆಪಟ್ಟಿಯೋ ಎಂದು ಕೇಳಿದ್ದೀರಿ.

ನಿಜವಾದ ಕಾಯಿಲೆಯೇ. ನಾನು ಕೀಲುರೋಗಗಳ ವೈದ್ಯೆ. ನಿಮಗೆ ಅಂಥ ಅನುಮಾನ ಬಂದಿದ್ದರೆ ಅದರಲ್ಲಿ ನಮ್ಮವರ ಪಾಲು ದೊಡ್ಡದು ಎನ್ನುತ್ತೇನೆ. ಸ್ಕ್ಯಾನ್ ಮೇಲೆ ಸ್ಕ್ಯಾನ್ ಬರೆದು, ಎಲ್ಲವೂ ನಾರ್ಮಲ್ ಬಂದ ಮೇಲೆ ಬೇಸರದ ದನಿಯಲ್ಲಿ ಈ ಹೆಸರು ಹೇಳಿದರೆ ಯಾರು ನಂಬುತ್ತಾರೆ? ವಾಸ್ತವವಾಗಿ ಈ ಕಾಯಿಲೆಯನ್ನು ಗುರುತಿಸಲು ಅದರದ್ದೇ ಮಾನದಂಡಗಳಿವೆ. 1990ರ ಮಾನದಂಡದಲ್ಲಿ ದೇಹದ 18 ಬಿಂದುಗಳನ್ನು ಒತ್ತಿ, 11ರಲ್ಲಾದರೂ ನೋವಿದೆಯೇ ಎಂದು ನೋಡಬೇಕಿತ್ತು. ಒತ್ತುವ ಬೆರಳಿನ ಬಲ ಒಬ್ಬೊಬ್ಬ ವೈದ್ಯರದು ಒಂದೊಂದು ಬಗೆ; ನಿದ್ರೆ, ದಣಿವುಗಳಿಗೆ ಅಲ್ಲಿ ಲೆಕ್ಕವೇ ಇರಲಿಲ್ಲ. 2010ರಲ್ಲಿ ಅದು ಬದಲಾಯಿತು, 2016ರಲ್ಲಿ ಮತ್ತೆ ಪರಿಷ್ಕರಣೆಯಾಯಿತು. ಈಗ ಕಳೆದ ವಾರ 19 ಜಾಗಗಳಲ್ಲಿ ಎಲ್ಲೆಲ್ಲಿ ನೋವಿತ್ತು ಎಂದು ಎಣಿಸುತ್ತೇವೆ. ದಣಿವು, ಎದ್ದ ಮೇಲೂ ನಿದ್ರೆಯಾಗಿಲ್ಲವೆನಿಸುವುದು, ಮರೆವು ಮತ್ತು ಏಕಾಗ್ರತೆಯ ಕೊರತೆ, ತಲೆನೋವು, ಕೆಳಹೊಟ್ಟೆಯ ನೋವು, ಖಿನ್ನತೆ ಇವುಗಳಿಗೆ 12ರವರೆಗೆ ಅಂಕ. ಫೈಬ್ರೊಮಯಾಲ್ಜಿಯಾ ಎನ್ನಬೇಕಾದರೆ ನೋವಿನ ಜಾಗ 7 ಅಥವಾ ಹೆಚ್ಚು, ಲಕ್ಷಣಗಳ ಅಂಕ 5 ಅಥವಾ ಹೆಚ್ಚು ಇರಬೇಕು. ಇಲ್ಲವೇ ಜಾಗ 4ರಿಂದ 6, ಅಂಕ 9 ಅಥವಾ ಹೆಚ್ಚು. ಜೊತೆಗೆ ನೋವು ದೇಹದ ಐದು ಭಾಗಗಳಲ್ಲಿ ನಾಲ್ಕಕ್ಕಾದರೂ ಹರಡಿರಬೇಕು, ತೊಂದರೆ ಮೂರು ತಿಂಗಳಿಂದ ಇರಬೇಕು. ರೋಗಿ ಹೊರಗೆ ಕಾಯುವಾಗಲೇ ಈ ಪ್ರಶ್ನೆಗಳ ಹಾಳೆ ತುಂಬಿಬಿಡಬಹುದು.

ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ಕೀಲುಗಳನ್ನು ಮುಟ್ಟಿ ನೋಡಬೇಕು, ರಕ್ತಕಣಗಳ ಎಣಿಕೆ, ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳು, ಥೈರಾಯ್ಡ್ ನೋಡಬೇಕು, ಗೊರಕೆಯ ಬಗ್ಗೆಯೂ ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆಯೂ ಕೇಳಬೇಕು. ಕಾರಣವಿಲ್ಲದೆ ಎಎನ್‌ಎ (ಲೂಪಸ್‌ನಂಥ ಕಾಯಿಲೆಗಳನ್ನು ಹುಡುಕುವ ರಕ್ತಪರೀಕ್ಷೆ) ಬರೆಯುವುದು ನನಗೆ ಇಷ್ಟವಿಲ್ಲ. ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು, ಆಮೇಲೆ ಇನ್ನೊಂದು ಸುತ್ತು ಅಲೆದಾಟ.

ವೈದ್ಯರೇ ಎಡವುವ ಜಾಗ ಇನ್ನೊಂದಿದೆ. ಬೇರೆ ಕಾಯಿಲೆ ಇದ್ದರೂ ಫೈಬ್ರೊಮಯಾಲ್ಜಿಯಾ ಇರಬಹುದು ಎಂದು 2016ರ ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ರುಮಟಾಯ್ಡ್ ಸಂಧಿವಾತದ ರೋಗಿಗೆ ಊತ ಇಳಿದಿರುತ್ತದೆ, ಸಿಆರ್‌ಪಿ ಸರಿಯಿರುತ್ತದೆ, ಆದರೂ ಮುಟ್ಟಿದಲ್ಲೆಲ್ಲ ನೋವು. ಸಂಧಿವಾತ ಹತೋಟಿಗೆ ಬಂದಿಲ್ಲವೆಂದುಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಹೆಚ್ಚಿಸಿದರೆ ನೋವು ಹಾಗೇ ಇರುತ್ತದೆ, ಸೋಂಕಿನ ಅಪಾಯವಷ್ಟೇ ಏರುತ್ತದೆ. ಆ ನೋವು ಕೀಲಿನ ಉರಿಯೂತದ್ದಲ್ಲ, ನರಮಂಡಲ ನೋವಿನ ಸಂಕೇತಗಳನ್ನು ಹಿಗ್ಗಿಸುತ್ತಿರುವುದರದ್ದು.

ಐಬುಪ್ರೊಫೆನ್‌ನಂಥ ಮಾತ್ರೆಗಳು ಹೆಚ್ಚು ಕೆಲಸ ಮಾಡದಿರುವುದೂ ಅದಕ್ಕೇ. ಮಾರ್ಫಿನ್‌ನಂಥ ಪ್ರಬಲ ಓಪಿಯಾಯ್ಡ್‌ಗಳನ್ನಂತೂ ಕೊಡಲೇಬಾರದು. ಯುರೋಪಿನ ರುಮಟಾಲಜಿ ತಜ್ಞರ ಒಕ್ಕೂಟ 2017ರಲ್ಲಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಆದರೆ ನಡೆದರೆ ಮರುದಿನ ಏಳಲಾಗದವರಿಗೆ ‘ವ್ಯಾಯಾಮ ಮಾಡಿ’ ಎಂದಷ್ಟೇ ಹೇಳಿ ಕಳಿಸುವುದು ಚಿಕಿತ್ಸೆಯಲ್ಲ. ಅಕ್ಕ ಐದೇ ನಿಮಿಷದಿಂದ ಶುರು ಮಾಡಲಿ, ಅದು ಮೈಗೂಡಿದ ಮೇಲೆ ಒಂದೆರಡು ನಿಮಿಷ ಸೇರಿಸಲಿ. ಹಗುರವಾಗಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಹೋಗುವುದು ಬೇಡ.

ಔಷಧಿಗಳ ವಿಷಯದಲ್ಲಿ ಒಮ್ಮತವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆ ನರನೋವಿನ ಮಾತ್ರೆ ಪ್ರಿಗಾಬಾಲಿನ್‌ಗೆ 2007ರಲ್ಲಿ, ಖಿನ್ನತೆಯ ಮಾತ್ರೆ ಡುಲಾಕ್ಸೆಟಿನ್‌ಗೆ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಇಂಥ ನೋವಿಗೆ ಪ್ರಿಗಾಬಾಲಿನ್ ಬೇಡವೆನ್ನುತ್ತದೆ. ನಿದ್ರೆ ಕೆಟ್ಟವರಿಗೆ ನಾನು ಮೊದಲು ಯೋಚಿಸುವುದು ರಾತ್ರಿ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ಕೊಡುವಾಗಲೇ ‘ಇದು ಖಿನ್ನತೆಯ ಮಾತ್ರೆಯೂ ಹೌದು, ನಿಮಗೆ ಕೊಡುತ್ತಿರುವುದು ನೋವು ಮತ್ತು ನಿದ್ರೆಗಾಗಿ’ ಎಂದು ಹೇಳಿಬಿಡುತ್ತೇನೆ. ಹೇಳದಿದ್ದರೆ ರೋಗಿ ಮನೆಯಲ್ಲಿ ಚೀಟಿ ಓದಿ, ವೈದ್ಯರು ತನ್ನನ್ನು ನಂಬಲೇ ಇಲ್ಲ ಎಂದುಕೊಳ್ಳುತ್ತಾರೆ. ಯಾವ ಮಾತ್ರೆಯಾದರೂ ಕೆಲವರಿಗಷ್ಟೇ ಒಗ್ಗುತ್ತದೆ. ಫಲ ಕಾಣದಿದ್ದರೆ ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಪಟ್ಟಿ ಬೆಳೆಸಬಾರದು.

ಮುಂದಿನ ಭೇಟಿಗೆ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ದು ಯಾವುದನ್ನು ಬಿಡಬಹುದು ಎಂದು ಕೇಳಿ. ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ತಾನಾಗಿ ಇಳಿದರೆ, ಕೈಕಾಲಿನ ಬಲ ಕುಂದಿದರೆ ಅದನ್ನು ಫೈಬ್ರೊಮಯಾಲ್ಜಿಯಾದ ಲೆಕ್ಕಕ್ಕೆ ಸೇರಿಸಬೇಡಿ; ಹೊಸದಾಗಿ ಪರೀಕ್ಷಿಸಿ ಎಂದು ಪಟ್ಟು ಹಿಡಿಯಿರಿ.